ಚಿಲಕ

ಮನೆಯಲ್ಲಿ ದೊಡ್ಡವಳಿಗೆ ಇನ್ನೊಂದು ಹೆಸರಿತ್ತು, ಚಿಲಕ. ಇಟ್ಟದ್ದು ಅಪ್ಪನ ತಾಯಿ. ಇವಳು ಹುಟ್ಟಿದ ಮೇಲೆ ಎರಡು ಗಂಡುಕೂಸು ಒಂದರ ಹಿಂದೊಂದು ಹುಟ್ಟಿ, ಮೈಯೆಲ್ಲ ಹಳದಿಗಟ್ಟಿ, ತೊಟ್ಟಿಲು ಕಾಣುವ ಮುಂಚೆಯೇ ಹೋದವು. "ಒಳಗೆ ಬಂದವಳೇ ಹಿಂದಿನಿಂದ ಚಿಲಕ ಹಾಕ್ಕೊಂಡ್ಳು" ಎಂದಳು ಅಜ್ಜಿ. ಆಮೇಲೆ ಹುಟ್ಟಿದ ಚಿಕ್ಕವಳು ಗುಂಡುಕಲ್ಲಿನ ಹಾಗೆ ಬೆಳೆದರೂ ಹೆಸರು ಹೋಗಲಿಲ್ಲ. ಅಜ್ಜಿ ಸತ್ತ ಮೇಲೂ ಉಳಿಯಿತು. ಅಮ್ಮ ಆ ಹೆಸರು ಹಿಡಿದು ಎಂದೂ ಕರೆದವಳಲ್ಲ. ಕರೆಯಬೇಡಿ ಎಂದೂ ಹೇಳಿದವಳಲ್ಲ.

ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ದೊಡ್ಡವಳು ಬಾಣಂತಿಯ ಕೋಣೆಗೆ ಕಾಲಿಡುತ್ತಿರಲಿಲ್ಲ. ಕೇಳಿದರೆ, ನನ್ನ ಕೈ ಬರೀ ಬಿಸಿ ಎನ್ನುತ್ತಿದ್ದಳು. ಚಿಕ್ಕವಳು ಚೊಚ್ಚಲು ಹೆತ್ತ ಮಾರನೆಯ ದಿನ ಆಸ್ಪತ್ರೆಗೆ ಬಂದವಳು ವಾರ್ಡಿನ ಬಾಗಿಲಲ್ಲೇ ನಿಂತಳು.

"ಒಳಗೆ ಬಾರೇ ಅಕ್ಕಾ. ಬಾಗಿಲಿಗೆ ಬಾಡಿಗೆ ಕಟ್ಟಿದೀಯಾ?" ಎಂದಳು ಚಿಕ್ಕವಳು ಮಂಚದಿಂದ.

"ಇಲ್ಲಿಂದ್ಲೇ ಕಾಣುತ್ತೆ ಬಿಡು."

ಡಾಕ್ಟರಮ್ಮ ಅವಳನ್ನು ಸರಿಸಿಕೊಂಡೇ ಒಳಗೆ ಬಂದರು. ತಾಯಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್. ಬಸಿರಿನಲ್ಲಿ ಕೊಟ್ಟ ಇಂಜೆಕ್ಷನ್ನನ್ನೇ ಈಗ ಇನ್ನೊಮ್ಮೆ ಕೊಡಬೇಕು ಎಂದರು. ಯಾಕೆ ಎಂದು ಮಂಚದ ಪಕ್ಕ ಕೂತಿದ್ದ ಅಮ್ಮ ಕೇಳಿದಳು. ಅವರು ಬಿಡಿಸಿ ಹೇಳಿದರು. ಹೆರಿಗೆಯಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ಮೈ ಸೇರುತ್ತದೆ. ತಾಯಿಯ ರಕ್ತ ಅದನ್ನು ಹೊರಗಿನದೆಂದು ಬಗೆದು ಹಗೆ ಕಟ್ಟಿಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಗೆ ತೀರಿಸಿಕೊಳ್ಳುವುದು ಮುಂದಿನ ಪಾಸಿಟಿವ್ ಮಕ್ಕಳ ಮೇಲೆ; ಅವು ಹುಟ್ಟಿದೊಡನೆ ಹಳದಿಯಾಗುತ್ತವೆ, ಕೆಲವು ಉಳಿಯುವುದಿಲ್ಲ. ತಾಯಿಯ ಹಾಗೆ ನೆಗೆಟಿವ್ ಆದ ಮಗುವಿಗೆ ಭಯವಿಲ್ಲ. ಇಂಜೆಕ್ಷನ್ ಕೊಟ್ಟರೆ ಆ ಹಗೆ ಹುಟ್ಟದಂತೆ ತಡೆಯಬಹುದು. ಇಷ್ಟು ಹೇಳಿ ಪಕ್ಕದ ಮಂಚಕ್ಕೆ ಹೋದರು.

ದೊಡ್ಡವಳು ಕೇಳಿದ್ದನ್ನು ಬಟ್ಟೆಯಂತೆ ಮಡಚಿ ನೋಡಿದಳು. ಮೊದಲು ತಾನು, ಆಮೇಲೆ ಹಳದಿ ಕೂಸುಗಳೆರಡು, ಆಮೇಲೆ ಅಮ್ಮನ ನೆಗೆಟಿವ್ ರಕ್ತವೇ ಬಂದ ಚಿಕ್ಕವಳು. ಅಂಚಿಗೆ ಅಂಚು ಕೂತಿತು. ಇಷ್ಟು ವರ್ಷ ಬೈಗುಳ ಎಂದುಕೊಂಡದ್ದು ನಿಜವೇ ಆಗಿತ್ತು.

"ಅಂದ್ರೆ ಚಿಲಕ ಹಾಕಿದ್ದು ನಾನೇ," ಎಂದಳು.

ಅಮ್ಮ ಮಗುವಿನ ಬಟ್ಟೆ ಮಡಚುತ್ತಲೇ ಇದ್ದಳು. "ಸರಿಯಾಗಿ ಕೇಳಿಸ್ಕೋ. ನೀನು ಬಂದೆ, ಅಷ್ಟೇ. ಹಗೆ ಕಟ್ಟಿದ್ದು ನನ್ನ ರಕ್ತ."

"ನಿಂಗೇನು ಗೊತ್ತಿತ್ತಮ್ಮ."

"ಇದು ಗೊತ್ತಿರ್ಲಿಲ್ಲ." ಅಮ್ಮನ ಕೈ ನಿಂತಿತು. "ಆದ್ರೆ ನಿನ್ನಜ್ಜಿ ಹಾಗೆ ಕರೆಯೋವಾಗ ಬೇಕಂತಲೇ ಸುಮ್ನಿದ್ದೆ. ನಿನ್ನ ಅಂದಷ್ಟು ದಿನ ನನ್ನ ಅನ್ನಲ್ಲ ಅಂತ."

ದೊಡ್ಡವಳು ಬಾಗಿಲ ಚೌಕಟ್ಟಿನ ಸುಲಿದ ಬಣ್ಣವನ್ನು ಉಗುರಿನಿಂದ ಕೀಳುತ್ತ ನಿಂತಳು.

ನರ್ಸ್ ಸಿರಿಂಜ್ ತಂದಳು. ಚಿಕ್ಕವಳು ಮಗ್ಗುಲಾಗಬೇಕಿತ್ತು. ಮಗುವನ್ನು ಯಾರಾದರೂ ಎತ್ತಿಕೊಳ್ಳಿ ಎಂದಳು ನರ್ಸ್. ಅಮ್ಮ ಪಕ್ಕದಲ್ಲೇ ಇದ್ದಳು. ಆದರೂ ಕೈ ಚಾಚದೆ ಬಾಗಿಲ ಕಡೆ ನೋಡಿದಳು.

ದೊಡ್ಡವಳು ಅಂಗೈ ಒರೆಸಿಕೊಂಡು ಒಳಗೆ ಬಂದಳು. ಅಮ್ಮನಿಗೆ ಕೊಡಬೇಕಾದ ಉತ್ತರ ಹಾಗೇ ಉಳಿದಿತ್ತು. ಅದು ಇವತ್ತಿಗೆ ಆಗುವಂಥದ್ದಲ್ಲ.

"ಕೊಡೇ ಇಲ್ಲಿ," ಎಂದಳು ತಂಗಿಗೆ. "ಕೈ ಬೆಚ್ಚಗಿದೆ."