ಹಳೇ ಕೆಲಸ ಯಾಕೆ ಬಿಟ್ರಿ?

"ಇಲಿ ತಿನ್ನೋ ನನ್ಮಕ್ಳಿಗೆಲ್ಲ ಇಂಟರ್‌ವ್ಯೂ ಅಂತೆ," ಎಂದು ಕೆಂಪರಾಜು ವೇದಿಕೆಯ ಮೇಲೆಯೇ ನಕ್ಕ. ಮೈಕು ಆನ್ ಆಗಿತ್ತು. ಕೆಳಗೆ ಜಮಖಾನದ ಮೇಲೆ ಕೂತಿದ್ದ ಇರುಳಿಗರ ಕಾಲೊನಿಯ ಹುಡುಗರು, ಹೆಂಗಸರು ಯಾರೂ ತಲೆ ಎತ್ತಲಿಲ್ಲ.

ದೇವನಹಳ್ಳಿ ಕಡೆಯ ಒಂದು ಸಮುದಾಯ ಭವನದಲ್ಲಿ ಅವತ್ತು ಉದ್ಯೋಗ ಶಿಬಿರ. ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕೆಂದು ಕಲಿಸಲು ಬೆಂಗಳೂರಿನಿಂದ ಬಂದವಳು ಸಿಂಚನ. ಮುಖ್ಯ ಅತಿಥಿ ಕೆಂಪರಾಜು. ಸುತ್ತಲಿನ ಹೊಸ ಫ್ಯಾಕ್ಟರಿಗಳಿಗೆ ಆಳು ಕಳಿಸುವ ಕಂಟ್ರಾಕ್ಟು ಅವನದೇ; ಅವನು ಹೂಂ ಅನ್ನದೆ ಯಾವ ಗೇಟೂ ತೆರೆಯದು. ಜಮಖಾನದ ಮೇಲೆ ಕೂತಿದ್ದ ಚಲಪತಿಗೆ ಅದು ಗೊತ್ತು. ಮೀಸೆ ಮೂಡುವ ಮೊದಲೇ ಕೆಂಪರಾಜುವಿನ ದ್ರಾಕ್ಷಿ ತೋಟದಲ್ಲಿ ಜೀತಕ್ಕೆ ಬಿದ್ದು, ಹೋದ ಬೇಸಿಗೆಯಲ್ಲಿ ಓಡಿಬಂದವನು ಅವನು. ಇವತ್ತು ಕೆಲಸ ಸಿಗದಿದ್ದರೆ ಮತ್ತೆ ಅದೇ ಚಪ್ಪರದ ಕೆಳಗೆ ಎಳೆದೊಯ್ಯುತ್ತಾರೆ.

ಬಟ್ಟೆ ಇಸ್ತ್ರಿ ಮಾಡಿ ಹಾಕಿಕೊಳ್ಳಿ ಎಂದಳು ಸಿಂಚನ. ಕರೆಂಟಿಲ್ಲದ ಗುಡಿಸಲಿನವರು ತಲೆಯಾಡಿಸಿದರು. ನಗುನಗುತ್ತಾ ಮಾತಾಡಿ ಎಂದಳು. ಹಳೇ ಯಜಮಾನರ ಬಗ್ಗೆ ಮಾತ್ರ ಯಾವತ್ತೂ ಕೆಟ್ಟದ್ದು ಹೇಳಬೇಡಿ, ಹೇಳಿದಿರೋ ಕೆಲಸ ಹೋಯಿತು ಅಂತಲೇ ತಿಳಿಯಿರಿ ಎಂದಳು. ಆಮೇಲೆ, ಎಲ್ಲರಿಗೂ ತಿಳಿಯಲಿ ಎಂದು ಚಲಪತಿಯನ್ನು ಮೇಲೆ ಕರೆದು ಮೈಕು ಕೈಗಿಟ್ಟಳು.

"ಹಳೇ ಕೆಲಸ ಯಾಕೆ ಬಿಟ್ರಿ?"

ಚಲಪತಿ ನಗಲು ನೋಡಿದ. ಆಗಲಿಲ್ಲ.

"ಕಲ್ಲುಕಂಬಕ್ಕೆ ಕಟ್ಟಾಕಿ ತಂತೀಲಿ ಹೊಡುದ್ರು. ಅದ್ಕೆ ಬಿಟ್ಟೆ, ಮೇಡಂ."

ಹೊಡೆದವನು ತನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾನೆಂದು ಸಿಂಚನಳಿಗೆ ಗೊತ್ತಿರಲಿಲ್ಲ. ಹಾಗೆ ಹೇಳಬಾರದು, ಅಲ್ಲಿ ತುಂಬಾ ಕಲಿತೆ, ಇನ್ನೂ ಬೆಳೀಬೇಕು ಅಂತ ಬಿಟ್ಟೆ ಅನ್ನಬೇಕು ಎಂದು ತಿದ್ದಿದಳು.

"ಹೇಳ್ಲಾ, ಏನೇನ್ ಕಲ್ತೆ ಹೇಳು," ಕೆಂಪರಾಜು ಎದ್ದು ಬಂದು ಅವನ ಕತ್ತಿನಪಟ್ಟಿ ಹಿಡಿದ. "ನಿಮ್ಮವ್ವ ನನ್ ಕಾಲ್ ನೆಕ್ಕಿದ್ದೂ ಹೇಳು, ಬೋಳಿಮಗ್ನೆ."

ಕೆನ್ನೆಗೆ ಬಿದ್ದ ಏಟು ಸ್ಪೀಕರಿನಲ್ಲಿ ಗುಂಯ್ ಎಂದಿತು. ಎರಡನೆಯದಕ್ಕೆ ತುಟಿ ಒಡೆಯಿತು. ಮತ್ತೆ ಎತ್ತಿದ ಕೈಯನ್ನು ಚಲಪತಿ ಗಾಳಿಯಲ್ಲೇ ಹಿಡಿದ. ಬೆನ್ನ ಹಿಂದಕ್ಕೆ ತಂದು, ಚಪ್ಪರದ ತಂತಿ ಬಿಗಿಯುವವನಂತೆ ಸಾವಕಾಶವಾಗಿ ತಿರುಚಿದ. ಮೂಳೆ ಲಟಕ್ಕೆಂದಿತು. ಕೆಂಪರಾಜು ಮಂಡಿಯೂರಿದ. ಅವನ ಬಾಯಿಗೆ ಮೈಕು ತುರುಕಿದಾಗ ಒಂದು ಹಲ್ಲು ರಕ್ತದ ಜೊತೆ ಹೊರಬಂತು.

"ಈಗ ನೀನೇಳು. ನಿನ್ ಹಳೇ ಆಳು ಎಂಗೆ?"

ಕೆಂಪರಾಜುವಿನ ಊಳು ಭವನದ ತುಂಬ ಹಬ್ಬಿತು. ಹೊರಗೆ ಕಾರಿನ ಹತ್ತಿರ ನಿಂತಿದ್ದ ಅವನ ಕಡೆಯವರು ಓಡಿಬರುವ ಸದ್ದು. ಸಿಂಚನ ಬಿಟ್ಟುಬಿಡಿ, ಬಿಟ್ಟುಬಿಡಿ ಎಂದು ಅಳುತ್ತಿದ್ದಳು. ಜಮಖಾನದಿಂದ ಅಶ್ವತ್ಥಮ್ಮ ಎಂಬ ಮುದುಕಿ ಎದ್ದು ಬಾಗಿಲ ಕಡೆ ನಡೆದಳು. ಒಳಗಿನಿಂದ ಅಗುಳಿ ಜಡಿದು, ಬಾಗಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು. ಹೊರಗಿನ ಗುದ್ದುಗಳಿಗೆ ಅವಳ ಮೈ ಅಲುಗುತ್ತಿತ್ತು.

"ಹೇಳ್ಲಿ ಬಿಡವ್ವ," ಎಂದಳು ಸಿಂಚನಳಿಗೆ. "ಕೇಳಾಕ್ ಕೂತಿದೀವಿ."