ಕಡೆಗೆ ಬಂದವನ ಕಡಾಣಿ

ದಂಗೆಗೆ ಮೊದಲು ಎಲ್ಲರೂ ಆಯುಧ ಹಿಡಿದು ಬೆಟ್ಟದ ಕೋಟೆಯಲ್ಲಿ ಸೇರುವುದು, ಕಡೆಗೆ ಬಂದವನನ್ನು ಕಡಿಯುವುದು ನಮ್ಮ ಗಾಲ್ ನಾಡಿನವರ ಹಳೆಯ ನೇಮ. ತಡೆಯಲು ಅಡ್ಡ ಬಂದವನಿಗೂ ಅದೇ ಕೊಡಲಿಯೇಟು. ರೋಮನ್ನರು ಅದನ್ನು ನಿಲ್ಲಿಸಿದ್ದರು. ಮತ್ತೆ ತಂದವನು ನಮ್ಮ ನಾಯಕ ಜೂಲಿಯಸ್ ವೆಪೊಮಾರ. ರೋಮನ್ನರು ಕೊಟ್ಟ ಹೆಸರು, ರೋಮನ್ನರ ಹಾಗೆ ಬೋಳಿಸಿದ ಗಲ್ಲ, ಬಾಯಲ್ಲಿ ಅವರದೇ ಕೊಳೆತ ಮೀನಿನ ಸಾರಿನ ನಾತ. ಸಿಟ್ಟೊಂದೇ ಸ್ವಂತದ್ದು.

ಕೋಟೆಯಲ್ಲಿ ಸೇರುವ ದಿನ ಬೆಳಗ್ಗೆ ದಾರಿಯಲ್ಲಿ ಅವನ ಬಂಡಿಯ ಅಚ್ಚಿನ ಕಡಾಣಿ ಮುರಿದು ಗಾಲಿ ಕಳಚಿಕೊಂಡಿತು. ನಾನೂ ತಮ್ಮ ಬಿತುಡಾಗನೂ ಗಾಲಿ ಮಾಡುವವರು. ತಮ್ಮ ಒಂದು ಮರದ ತುಂಡು ಕೆತ್ತಿ ಸಿಕ್ಕಿಸಿದ.

"ಬೆಟ್ಟದವರೆಗೆ ತಡೆದೀತು ಧಣಿ, ಯುದ್ಧಕ್ಕಾಗಲ್ಲ."

"ಹಾಗಾದ್ರೆ ಕಬ್ಬಿಣದ್ದು ಮಾಡಿಸ್ಕೊಂಡು ಬಾರೋ. ನಾನಿದೀನಲ್ಲ, ನೇಮದ ಮಾತು ನಂಗೆ ಬಿಡು."

ತಮ್ಮ ಕಮ್ಮಾರನ ಬಳಿಗೆ ಓಡಿದ. ನಾನು ನಾಯಕನ ಜೊತೆ ಬಂಡಿ ಹತ್ತಿದೆ.

ಕೋಟೆಯಲ್ಲಿ ಜನ ನನ್ನ ಸುತ್ತ ಮುತ್ತಿದರು. "ಲೇ ಸುವಾದು, ಆ ರೋಮಿನ ದಂಡನಾಯಕನ ಥರ ಮಾಡೋ!" ಮೂಗಿನಲ್ಲಿ ಗೊಣಗಿದೆ, ನಕ್ಕರು. "ನಮ್ಮ ಧಣೀದು?" ಹೊಟ್ಟೆ ಮುಂದೆ ಬಿಟ್ಟು, "ಪ್ರಾಣ ಕೊಡ್ತೀನಿ ಕಣ್ರೋ... ಊಟ ಆದ್ಮೇಲೆ" ಎಂದೆ. ಬಿದ್ದು ಬಿದ್ದು ನಕ್ಕರು.

ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ. ಏದುಸಿರು, ನಗುಮುಖ, ಮುಷ್ಟಿಯಲ್ಲಿ ಕಡಾಣಿ. ಅವನ ಹಿಂದೆ ಬರುವವರು ಯಾರೂ ಇರಲಿಲ್ಲ.

ನೇಮ ನೋಡಿಕೊಳ್ಳುವ ಮುದುಕ ಕೇಳಿದ: "ಇವನ ಪರ ಯಾರಾದ್ರೂ ಮಾತಾಡ್ತೀರೇನ್ರಪ್ಪಾ?"

"ಧಣಿ, ಹೇಳಿ ಮತ್ತೆ" ಎಂದ ತಮ್ಮ.

ನಾಯಕ ಹಲ್ಲಿನ ಸಂದಿಯಿಂದ ಹಂದಿಮಾಂಸದ ಎಳೆಯೊಂದನ್ನು ಕಿತ್ತ, ನೋಡಿದ, ಮತ್ತೆ ಬಾಯಿಗೇ ಹಾಕಿಕೊಂಡ. "ನೇಮ ಅಂದ್ರೆ ನೇಮ ಕಣಯ್ಯಾ. ನನ್ನ ಬಂಡಿ ಅಂತ ಬಿಟ್ರೆ ಜನ ಏನಂತಾರೆ?"

ತಮ್ಮ ನನ್ನ ಕಡೆ ತಿರುಗಿದ. "ಅಣ್ಣಾ?"

ನನ್ನ ಗಂಟಲಲ್ಲಿ ಊರಿನವರೆಲ್ಲರ ದನಿ ಇತ್ತು. ಒಂದೂ ಹೊರಡಲಿಲ್ಲ.

ಮೂರು ಏಟು ಬೇಕಾಯಿತು, ಕೊಡಲಿ ಮೊಂಡು. ಇದನ್ನು ಹಿಡಿದು ರೋಮನ್ನು ಗೆಲ್ಲುವವರು! ನಾಯಿಯೊಂದು ಬಂದು ನೆಕ್ಕತೊಡಗಿತು. ಯಾರೂ ಓಡಿಸಲಿಲ್ಲ, ನಾನೂ ಓಡಿಸಲಿಲ್ಲ.

ನಾಯಕ ತಮ್ಮನ ಬೆರಳು ಬಿಡಿಸಿ ಕಡಾಣಿ ತೆಗೆದ, ನನ್ನ ಅಂಗಿಗೇ ಒರೆಸಿ ನನ್ನ ಕೈಗಿಟ್ಟ. "ಹಾಕಪ್ಪಾ ಸುವಾದು. ಹೊತ್ತಾಯ್ತು."

ಹಾಕಿದೆ. ಎರಡೇ ಪೆಟ್ಟಿಗೆ ಬಿಗಿಯಾಗಿ ಕೂತಿತು. ತಮ್ಮನ ಅಳತೆ ಯಾವತ್ತೂ ತಪ್ಪಿದ್ದಿಲ್ಲ.

ನಾಯಕ ಬಂಡಿಯ ಮೇಲೆ ನಿಂತು, "ರೋಮಿನ ನೊಗ ಮುರಿಯೋಣ!" ಎಂದು ಕೂಗಿದ. ಎಲ್ಲರೂ ಕೂಗಿದರು. ನಾನೂ ಕೂಗಿದೆ.

ಪಕ್ಕದವನು ಬೆನ್ನು ತಟ್ಟಿದ. "ಭೇಷ್! ಥೇಟ್ ಧಣೀದೇ ದನಿ ಕಣೋ!"