ಬೆಳಿಗ್ಗೆ ಮನೆಯಲ್ಲಿ ಆಡಿದ ಮಾತು

ಗೋಡೆಯಾಚೆಯ ನಗು ನೆಲ್ಲಿ ಟೀಚರಿಗೆ ಜೂನ್ ತಿಂಗಳಿಂದಲೇ ಕೇಳಿಸುತ್ತಿತ್ತು. ಈ ಕಡೆ ಅವರ ಹತ್ತನೇ ತರಗತಿ, ಆ ಕಡೆ ಶೈಮಾಳ ಎಂಟನೇ ತರಗತಿ. ಎರಡರಲ್ಲೂ ಇಂಗ್ಲಿಷ್ ವ್ಯಾಕರಣ. ಅದರಲ್ಲಿ ನಗುವಂಥದ್ದು ಏನಿದೆ ಎಂಬುದು ಮೂವತ್ತೊಂದು ವರ್ಷ ಅದನ್ನೇ ಕಲಿಸಿದ ಅವರಿಗೆ ಗೊತ್ತಿರಲಿಲ್ಲ.

ಜೆಪ್ಪುವಿನ ಆ ಕನ್ನಡ ಮಾಧ್ಯಮ ಶಾಲೆಯಲ್ಲಿ ನೆಲ್ಲಿ ಟೀಚರ ಕ್ಲಾಸೆಂದರೆ ಫ್ಯಾನು ತಿರುಗುವ ಸದ್ದು ಕೇಳಬೇಕು. ಕ್ರಿಯಾಪದದ ಮೂರು ರೂಪಗಳನ್ನು ಬೋರ್ಡಿನ ಎಡಗಡೆ ಬರೆಯುವರು, ನಡುವೆ ನಿಯಮ, ಬಲಗಡೆ ಐದು ಉದಾಹರಣೆ. ಮಕ್ಕಳು ತಲೆ ಎತ್ತದೆ ಇಳಿಸಿಕೊಳ್ಳುವರು. ಪರಿಶೀಲನೆಗೆ ಬಂದ ಅಧಿಕಾರಿಗಳು ಆ ನಿಶ್ಶಬ್ದವನ್ನು ಹೊಗಳಿ ಬರೆದದ್ದುಂಟು. ಶೈಮಾಳೂ ಅದೇ ನಿಶ್ಶಬ್ದದಲ್ಲಿ ಕೂತು ಕಲಿತವಳು. ಮೂರು ವರ್ಷ ಕಿಟಕಿಯ ಬದಿಯಲ್ಲಿ ಕೂತು ಒಂದು ಮಾತೂ ಆಡದ ಹುಡುಗಿ. ಈಗ ಇಪ್ಪತ್ತಾರರ ಅತಿಥಿ ಶಿಕ್ಷಕಿ.

ಶೈಮಾ ಕೊಡುತ್ತಿದ್ದ ಹೋಮ್‌ವರ್ಕ್ ಒಂದೇ. ಇವತ್ತು ಬೆಳಿಗ್ಗೆ ಮನೆಯಲ್ಲಿ ಯಾರಾದರೂ ನಿಜವಾಗಿ ಆಡಿದ ಒಂದು ಮಾತನ್ನು ತರಬೇಕು. ಬ್ಯಾರಿಯೋ, ತುಳುವೋ, ಕೊಂಕಣಿಯೋ, ಯಾವುದಾದರೂ ಸರಿ. ಎಲ್ಲರೂ ಸೇರಿ ಅದನ್ನು ಇಂಗ್ಲಿಷಿಗೆ ತರುವುದು, ಆಮೇಲೆ ಉಳಿದವರು ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುವುದು.

ಇದು ಇಂಗ್ಲಿಷ್ ಕ್ಲಾಸೋ ಮೀನು ಮಾರ್ಕೆಟ್ಟೋ ಎಂದು ನೆಲ್ಲಿ ಟೀಚರ್ ಸ್ಟಾಫ್ ರೂಮಿನಲ್ಲಿ ಅಂದರು. ಎಲ್ಲರೂ ನಕ್ಕರು. ಆದರೆ ಇತ್ತೀಚೆಗೆ ಪಾಠ ಮಾಡುವಾಗ ತನ್ನ ದನಿ ತಾನಾಗಿ ತಗ್ಗುತ್ತಿರುವುದನ್ನು, ಗೋಡೆಯ ಕಡೆಗೆ ಕಿವಿ ಹೋಗುತ್ತಿರುವುದನ್ನು ಅವರು ಗಮನಿಸಿದ್ದರು. ಬೆಳಿಗ್ಗೆ ಗೇಟಿನ ಬಳಿ ಮಕ್ಕಳು ಶೈಮಾಳನ್ನು ಕಂಡು ಓಡುತ್ತಿದ್ದರು. ತನ್ನನ್ನು ಕಂಡರೆ ಚೀಲ ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಅದನ್ನು ಗೌರವ ಅಂತ ಇಷ್ಟು ವರ್ಷ ಎಣಿಸಿದ್ದರು. ಈಗ ಅದರ ಕಡೆ ನೋಡಲೂ ಮನಸ್ಸಾಗುತ್ತಿರಲಿಲ್ಲ.

ಜನವರಿಯಲ್ಲಿ ಹೆಡ್‌ಮಾಸ್ತರ್ ಚಿತ್ತರಂಜನರು ನೆಲ್ಲಿ ಟೀಚರನ್ನು ಕರೆದರು. ಮೇ ತಿಂಗಳಲ್ಲಿ ಅವರ ನಿವೃತ್ತಿ. ಅವರ ಜಾಗಕ್ಕೆ ಶೈಮಾಳನ್ನು ತೆಗೆದುಕೊಳ್ಳುವುದೋ ಹೊರಗಿನಿಂದ ಯಾರನ್ನಾದರೂ ಕರೆಯುವುದೋ ಎಂದು ಆಡಳಿತ ಮಂಡಳಿ ಕೇಳಿತ್ತು. ಒಂದು ಪೀರಿಯಡ್ ಅವಳ ಕ್ಲಾಸಿನಲ್ಲಿ ಕೂತು ಒಂದು ಪುಟ ಬರೆದು ಕೊಡಬೇಕಂತೆ. ನೀವು ಬರೆದದ್ದೇ ಅಂತಿಮ ಎಂದರು.

ಗುರುವಾರ ಮೂರನೇ ಪೀರಿಯಡ್ಡಿಗೆ ನೆಲ್ಲಿ ಟೀಚರ್ ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿ ಕೂತರು. ಏನು ಬರೆಯಬೇಕೆಂದು ಮೆಟ್ಟಿಲು ಹತ್ತುವಾಗಲೇ ನಿರ್ಧಾರವಾಗಿತ್ತು.

ದೇಯಿ ಎಂಬ ಹುಡುಗಿ ಎದ್ದಳು. ಅವಳ ಅಮ್ಮ ಬೆಳಿಗ್ಗೆ ತುಳುವಿನಲ್ಲಿ ಹೇಳಿದ್ದು, "ಬಸ್ ಪೋಂಡು."

ಬೋರ್ಡಿನ ಮೇಲೆ ಅದು ದಿ ಬಸ್ ಹ್ಯಾಸ್ ಗಾನ್ ಆಯಿತು. ಕೈಗಳು ಎದ್ದವು. ಎಲ್ಲಿಗೆ ಹೋಯಿತು? ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ. ನೀನು ಯಾಕೆ ಹೋಗಲಿಲ್ಲ? ಚಪ್ಪಲಿ ಒಂದೇ ಸಿಕ್ಕಿತು. ಇನ್ನೊಂದು ಎಲ್ಲಿತ್ತು? ಇಂಗ್ಲಿಷ್ ಸಿಗದೆ ದೇಯಿ ನಾಯಿಯ ಹಾಗೆ ಕಚ್ಚಿ ತೋರಿಸಿದಳು. ಕ್ಲಾಸು ನಕ್ಕಿತು. ಶೈಮಾ ನಗುತ್ತಲೇ ಅದರ ಇಂಗ್ಲಿಷ್ ಶಬ್ದವನ್ನು ಬರೆದಳು, ಮಕ್ಕಳು ಯಾರೂ ಹೇಳದೆಯೇ ಇಳಿಸಿಕೊಂಡರು. ನೆಲ್ಲಿ ಟೀಚರ್ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದರು. ಹನ್ನೊಂದಕ್ಕೆ ಲೆಕ್ಕ ತಪ್ಪಿತು. ಆ ಹುಡುಗಿಗೆ ಇನ್ನೊಂದು ಚಪ್ಪಲಿ ಸಿಕ್ಕಿತೋ ಇಲ್ಲವೋ ಎಂದು ತಾನೂ ಕಾಯುತ್ತಿದ್ದೇನೆಂದು ಗೊತ್ತಾದಾಗ ಅವರಿಗೆ ಮೈ ಬಿಸಿಯಾಯಿತು.

ಆಗ ಹಿಶಾಮ್ ಎಂಬ ಪೋರ ತಿರುಗಿ ನೋಡಿದ. "ಮಿಸ್, ಕ್ಲಾಸಿಗೆ ಬಂದವರೆಲ್ಲ ಒಂದು ಹೇಳ್ಬೇಕು ಅಂತ ರೂಲ್ ಉಂಟಲ್ಲ? ಹೆಡ್‌ಮಾಸ್ಟ್ರೂ ಹೇಳಿದ್ದಾರೆ."

ಶೈಮಾ ಬೇಡವೆನ್ನುವಷ್ಟರಲ್ಲಿ ನೆಲ್ಲಿ ಟೀಚರ್ ಎದ್ದು ನಿಂತಿದ್ದರು. ಇಂಗ್ಲಿಷಿನಲ್ಲಿ ತನಗೆಂಥ ಹೆದರಿಕೆ?

ಬೆಳಿಗ್ಗೆ ಮನೆಯಲ್ಲಿ ಆಡಿದ ಮಾತು. ಅವರು ಹುಡುಕಿದರು. ಗಂಡ ಆಂಬ್ರೋಸ್ ಕುವೈಟಿನಿಂದ ವಾಪಸು ಬಂದು ನಾಲ್ಕು ವರ್ಷವಾಗಿತ್ತು. ಇಪ್ಪತ್ತೆರಡು ವರ್ಷ ಅವನು ಅಲ್ಲಿ, ಇವರು ಇಲ್ಲಿ. ಜಗಳ ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಇವರು ಚಹಾ ಇಟ್ಟಿದ್ದರು, ಅವನು ಪೇಪರ್ ಸರಿಸಿ ಕಪ್ಪಿಗೆ ಜಾಗ ಮಾಡಿದ್ದ. ಇವರು ಕೊಡೆ ತೆಗೆದುಕೊಂಡು ಹೊರಟಿದ್ದರು. ನಿನ್ನೆಯೂ ಅಷ್ಟೇ. ಮೊನ್ನೆ ಮನೆಯಲ್ಲಿ ಮಾತು ಕೇಳಿಸಿದ್ದು ಗ್ಯಾಸಿನವನ ಫೋನ್ ಬಂದಾಗ ಮಾತ್ರ.

"ಮೈ ಹಸ್ಬೆಂಡ್ ಆಸ್ಕ್ಡ್ ಮಿ ಟು ಬೈ ಸಮ್ ಬ್ರೆಡ್" ಎಂದರು. ಉಚ್ಚಾರಣೆ ಸ್ವಚ್ಛವಾಗಿತ್ತು.

ಮುಂದಿನ ಬೆಂಚಿನಿಂದ ಸಣ್ಣ ದನಿಯೊಂದು ಕೇಳಿತು, "ವಾಟ್ ಡಿಡ್ ಯೂ ಸೇ, ಟೀಚರ್?"

ಸರಿ ಎಂದೆ ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಲವತ್ತು ಮುಖಗಳು ಆ ಬ್ರೆಡ್ಡಿನ ಬಗ್ಗೆ ನಿಜವಾಗಿ ತಿಳಿಯಬೇಕೆಂದು ಕಾಯುತ್ತಿದ್ದವು. ಇಷ್ಟು ವರ್ಷಗಳಲ್ಲಿ ಮಕ್ಕಳು ತನ್ನನ್ನು ಹೀಗೆ ನೋಡಿದ್ದಿಲ್ಲ. ಫ್ಯಾನು ತಿರುಗುವ ಸದ್ದು ಕೇಳತೊಡಗಿತು.

"ಟೀಚರದ್ದು ಆಯ್ತು," ಎಂದಳು ಶೈಮಾ, ಬೋರ್ಡಿನ ಕಡೆ ತಿರುಗಿಯೇ. "ಈಗ ಮೋನು. ಏಳು ಮಾರಾಯ, ನಿನ್ನೆ ನೀನು ತಪ್ಪಿಸಿಕೊಂಡಿದ್ದಿ."

ಅವಳಿಗೆ ಗೊತ್ತಾಗಿತ್ತು. ನೆಲ್ಲಿ ಟೀಚರ ಮನೆಯ ಖಾಲಿತನವನ್ನು ಆ ಹುಡುಗಿ ಕಂಡು, ಕಂಡಿಲ್ಲವೆಂಬಂತೆ ಮುಚ್ಚಿದ್ದಳು. ಅವಳು ನಕ್ಕುಬಿಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ನೆಲ್ಲಿ ಟೀಚರ್ ಡಬ್ಬಿ ತೆರೆಯದೆ ಬರೆದರು. ತರಗತಿಯಲ್ಲಿ ಶಿಸ್ತಿಲ್ಲ. ಇಂಗ್ಲಿಷ್ ಅವಧಿಯಲ್ಲಿ ಬೇರೆ ಭಾಷೆಗಳ ಬಳಕೆ. ಪೋರ್ಶನ್ ಎರಡು ಪಾಠ ಹಿಂದಿದೆ. ತಪ್ಪುಗಳನ್ನು ಆಗಲೇ ತಿದ್ದುವುದಿಲ್ಲ. ಪ್ರತಿಯೊಂದು ಸಾಲೂ ನಿಜ. ಓದಿ ನೋಡಿದರು. ಇಷ್ಟು ನಿಜವನ್ನು ಸೇರಿಸಿ ಒಂದು ಸುಳ್ಳು ಮಾಡಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಸಹಿ ಹಾಕಿದರು.

ಚಿತ್ತರಂಜನ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೆಲ್ಲ ಸರಿ ಟೀಚರ್. ಇದು ಓದಿದ್ರೆ ಮಂಡಳಿಯವರು ಅವಳು ಬೇಡ ಅಂತಾರೆ. ಹೊಸಬರನ್ನು ಕರಿಯುವುದಾ? ನೀವು ಹೇಳಿ, ಹಾಗೆ ಮಾಡ್ತೇನೆ."

ನೆಲ್ಲಿ ಟೀಚರ್ ಹೌದು ಎಂದರೆ ಸಾಕಿತ್ತು. ಮೇ ನಂತರ ಈ ಕಟ್ಟಡದಲ್ಲಿ ಆ ನಗು ಇರುವುದಿಲ್ಲ, ತಾನಿಲ್ಲದ ಮೇಲೆ ಮಕ್ಕಳು ಹೆಚ್ಚು ಸುಖವಾಗಿದ್ದಾರೆಂದು ಯಾರೂ ಹೇಳುವಂತಿಲ್ಲ. ಶೈಮಾ ಉಳಿದರೆ ಹಾಗೆ ಹೇಳುತ್ತಾರೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಹೊರಗೆ ನಂತೂರು ಕಡೆಯ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಅವಳಿಗೇ ಕೊಡಿ," ಎಂದರು ನೆಲ್ಲಿ ಟೀಚರ್ ಕೊನೆಗೆ.

"ಮತ್ತೆ ಈ ಕಾಗದ?"

"ಅದು ಇರಲಿ. ಬರೆದದ್ದು ಸುಳ್ಳಲ್ಲ. ಅಡಿಯಲ್ಲಿ ಇನ್ನೊಂದು ಸಾಲು ಹಾಕ್ತೇನೆ." ಪೆನ್ನು ತೆಗೆದು, ಅವಳನ್ನೇ ನೇಮಿಸಬೇಕು, ಮಕ್ಕಳು ಮಾತಾಡುತ್ತಾರೆ ಎಂದು ಬರೆದರು. ಕೊನೆಯ ಎರಡು ಶಬ್ದ ಬರೆಯಲು ಬಹಳ ಹೊತ್ತು ಹಿಡಿಯಿತು. "ಆದ್ರೆ ಸರ್, ಹತ್ತನೆಯದು ಮೇವರೆಗೆ ನನ್ನದೇ. ಅಲ್ಲಿಗೆ ಅವಳು ಬರುವುದು ಬೇಡ."

ಒಳ್ಳೆಯದು ಮಾಡಿದರೆ ಮನಸ್ಸು ಹಗುರಾಗುತ್ತದೆಂದು ಅವರು ನಂಬಿದ್ದರು. ಆಗಲಿಲ್ಲ. ಮೆಟ್ಟಿಲಿಳಿಯುವಾಗ ಹೊಟ್ಟೆಯೊಳಗಿನ ಉರಿ ಹಾಗೆಯೇ ಇತ್ತು, ಬಹುಶಃ ಇನ್ನೂ ಸ್ವಲ್ಪ ಹೆಚ್ಚೇ.

ಕೆಳಗೆ ಶೈಮಾ ನಿಂತಿದ್ದಳು. ಏನು ಬರೆದಿರೆಂದು ಕೇಳಲಿಲ್ಲ. ಪೋರ್ಶನ್ ಮುಗಿಯುತ್ತಿಲ್ಲ, ನೀವು ಹೇಗೆ ಮುಗಿಸುತ್ತಿದ್ದಿರಿ, ಸ್ವಲ್ಪ ಹೇಳಿಕೊಡುತ್ತೀರಾ ಎಂದು ಕೇಳಿದಳು. ಆ ಮುಖದಲ್ಲಿ ವ್ಯಂಗ್ಯ ಇರಬಹುದೆಂದು ನೆಲ್ಲಿ ಟೀಚರ್ ಹುಡುಕಿದರು. ಸಿಗಲಿಲ್ಲ.

"ಮೇ ಕಳೆದ ಮೇಲೆ ಮನೆಗೆ ಬಾ," ಎಂದರು ಒರಟಾಗಿ. "ಈಗ ನನಗೆ ಕ್ಲಾಸ್ ಉಂಟು."